ಒಂದು ಸೀಟಿನ ಪಾಳಿ

ನಮ್ಮ ಮನೆಯಲ್ಲಿ ಖಾಲಿ ಬಿಡಬಾರದ ಜಾಗ ಅಂದರೆ ಮಗ್ಗದ ಕುಣಿ ಒಂದೇ. ಉಳಿದದ್ದು ಖಾಲಿ ಇದ್ದರೂ ನಡೆಯುತ್ತಿತ್ತು. ಹಿಟ್ಟಿನ ಡಬ್ಬಿ, ಎಣ್ಣೆಯ ಗಿಂಡಿ, ಗೂಟಕ್ಕೆ ತೂಗುಹಾಕಿದ ಸಂತೆಯ ಚೀಲ ಎಷ್ಟೋ ಸಲ ಖಾಲಿಯಾಗಿಯೇ ಇರುತ್ತಿದ್ದವು. ಇಳಕಲ್ಲಿನ ನಮ್ಮ ಓಣಿಯ ಎಲ್ಲ ಮನೆಗಳಂತೆ ನಮ್ಮದೂ ಬಾಗಿಲು ದಾಟಿದ ಕೂಡಲೇ ಮಗ್ಗ, ಅದರ ಹಿಂದೆ ಒಂದು ಕತ್ತಲೆ ಪಡಸಾಲೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ನಸುಕಿನಿಂದ ನೇಯುತ್ತಿದ್ದ. ಅವನು ಊಟಕ್ಕೆ ಎದ್ದರೆ ಅವ್ವ ಇಳಿಯುತ್ತಿದ್ದಳು, ಅವ್ವ ಒಲೆಯ ಕಡೆ ಹೊರಟರೆ ಮತ್ತೆ ಅಪ್ಪ. ಆಯಿ, ಅಂದರೆ ಅಪ್ಪನ ತಾಯಿ, ಮೂಲೆಯಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಈ ಪಾಳಿಗೆ ಇದ್ದದ್ದು ಒಂದೇ ಕಟ್ಟಳೆ: ಏಳುವವರು ಕೂರುವವರಿಗೆ ಒಪ್ಪಿಸದೆ ಏಳುವಂತಿಲ್ಲ. ಎಲ್ಲಿ ಎಳೆ ಸಡಿಲಾಗಿದೆ, ಎಲ್ಲಿ ಹರಿದು ಗಂಟು ಬಿದ್ದಿದೆ, ದಡಿಯಲ್ಲಿ ಮುಂದೆ ಯಾವ ಬಣ್ಣ ಬರಬೇಕು, ಎಲ್ಲ ಹೇಳಿಯೇ ಮೇಲೆ ಬರಬೇಕು. ಹಾಗೆ ನೇಯ್ದ ಸೀರೆಯಲ್ಲಿ ಅಪ್ಪನ ಕೈ ಎಲ್ಲಿ ನಿಂತಿತು, ಅವ್ವನ ಕೈ ಎಲ್ಲಿ ಸುರುವಾಯಿತು ಎಂದು ಕೊಂಡವರಿಗೆ ತಿಳಿಯುತ್ತಿರಲಿಲ್ಲ. ಜಗತ್ತಿನ ಎಲ್ಲ ಕೆಲಸವೂ ಹೀಗೆಯೇ ನಡೆಯುತ್ತದೆ ಎಂದು ಅವ್ವ ನಂಬಿದ್ದಳು. ಆ ನಂಬಿಕೆ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಬರೆಯಬೇಕೆಂದು ಬಹಳ ವರ್ಷಗಳಿಂದ ಅಂದುಕೊಂಡಿದ್ದೇನೆ. ಬರೆದರೆ ಸಿಟ್ಟು ಇಳಿದೀತು ಎಂಬ ಆಸೆ ಮಾತ್ರ ಈಗ ಉಳಿದಿಲ್ಲ.

ನಾವು ಅವಳಿ ಮಕ್ಕಳು. ನಮ್ಮದು ಬಸವಣ್ಣನವರನ್ನು ನಂಬಿದ ಮನೆ. ಹುಟ್ಟಿದ ಎರಡೂ ಹೆಣ್ಣು ಎಂದು ತಿಳಿದಾಗ ಆಯಿ ಹೆಚ್ಚು ಯೋಚನೆ ಮಾಡದೆ ಅವರ ಇಬ್ಬರು ಮಡದಿಯರ ಹೆಸರನ್ನೇ ನಮಗೆ ಹಂಚಿಬಿಟ್ಟಳು. ಮೊದಲು ಬಂದವಳು ಗಂಗಾ. ಅವಳ ಹಿಂದೆಯೇ ಬಂದ ನಾನು ನೀಲಾ. ಮುಖ, ಮೈಬಣ್ಣ, ನಡಿಗೆ, ಕೆಮ್ಮು ಕೂಡ ಒಂದೇ. ಓಣಿಯವರು ಗುರುತು ಹಿಡಿಯುವ ಗೊಡವೆಯನ್ನೇ ಬಿಟ್ಟು ಇಬ್ಬರನ್ನೂ "ಗಂಗಾನೀಲಾ" ಎಂದು ಒಂದೇ ಉಸಿರಿನಲ್ಲಿ ಕರೆಯುತ್ತಿದ್ದರು. ನಮ್ಮ ನಡುವೆ ಅವ್ವ ಮಾಡುತ್ತಿದ್ದ ನ್ಯಾಯ ಓಣಿಗೆಲ್ಲ ತಮಾಷೆಯ ವಿಷಯವಾಗಿತ್ತು. ಇಬ್ಬರಿಗೂ ಒಂದೇ ತಾಟು. ರೊಟ್ಟಿ ಮುರಿದರೆ ಎರಡು ಚೂರನ್ನೂ ಬೆಳಕಿಗೆ ಹಿಡಿದು ನೋಡಿ ಕೊಡುವಳು. ಒಬ್ಬಳಿಗೆ ಏಟು ಬಿದ್ದರೆ ಇನ್ನೊಬ್ಬಳು ಓಡಿಹೋಗಿ ಅಡಗಬೇಕಿತ್ತು, ಏಕೆಂದರೆ ಅದರಲ್ಲೂ ಸಮಪಾಲು. ಈಗ ನೆನೆದರೆ ನಗು ಬರುತ್ತದೆ.

ಹುನಗುಂದ ರಸ್ತೆಯ ಬದಿಗೆ, ಊರು ಮುಗಿಯುವಲ್ಲಿ, ಒಂದು ಇಂಗ್ಲಿಷ್ ಶಾಲೆ ಶುರುವಾಗಿತ್ತು. ನಮ್ಮ ಓಣಿಯಿಂದ ಅಲ್ಲಿಗೆ ಹೋಗುವವರು ಯಾರೂ ಇರಲಿಲ್ಲ. ಕಟ್ಟಿಸಿದವರು ಬಡವರ ಮಕ್ಕಳಿಗೆಂದು ಕೆಲವು ಪುಕ್ಕಟೆ ಸೀಟು ಇಟ್ಟಿದ್ದರು. ಮನೆಗೆ ಒಂದೇ ಹೆಸರು ಕೊಡಬೇಕು, ಎಲ್ಲರ ಎದುರಿಗೆ ಚೀಟಿ ಎತ್ತುತ್ತಾರೆ. ಅಪ್ಪ ಹಿರಿಯಳೆಂದು ಗಂಗಾಳ ಹೆಸರು ಬರೆಸಿ ಬಂದ, ಅವಳ ಚೀಟಿ ಎದ್ದೇ ಬಿಟ್ಟಿತು. ಅಂದು ಮನೆಯಲ್ಲಿ ಗೋಧಿ ಹುಗ್ಗಿ. ಆಯಿ ತುಪ್ಪದ ಮಿಳ್ಳಿ ಹಿಡಿದು ಕುಳಿತಿದ್ದಳು, ಅಪ್ಪನ ಮುಖದಲ್ಲಿ ನಾನು ಅಂಥ ಕಳೆಯನ್ನು ಮೊದಲ ಸಲ ನೋಡಿದೆ. ಅವ್ವ ಮಾತ್ರ ಬಡಿಸುತ್ತ ಬಡಿಸುತ್ತ ಸೌಟು ಕೆಳಗಿಟ್ಟಳು.

"ನೀಲಾಂದು ಏನು?"

"ನೀಲಾಂದೇನು? ಓಣ್ಯಾಗ ಕನ್ನಡ ಸಾಲಿ ಐತೆಲ್ಲ. ದೈವ ಗಂಗಾಂದಿತ್ತು, ಬಂತು. ಅದಕ್ಕ ನಾ ಏನ್ ಮಾಡ್ಲಿ?" ಎಂದ ಅಪ್ಪ.

"ಒಂಬತ್ತು ತಿಂಗಳು ಒಂದ ಹೊಟ್ಟ್ಯಾಗ ಇದ್ವು. ಈಗ ಒಂದು ಬೂಟ ಹಾಕ್ಕೊಂಡ ಹೋಗೂದು, ಒಂದು ಬರಿಗಾಲಲೆ ಹೋಗೂದು. ದಿನಾ ಮುಂಜಾನಿ ನಾ ಅದನ್ನ ಹೆಂಗ ನೋಡ್ಲಿ ಹೇಳ್ರಿ."

"ಹಂಗಾರ ಬಿಟ್ಟಬಿಡೂಣೇನು?"

"ಬಿಡೂದ್ಯಾಕ? ಪಾಳಿ ಹಚ್ಚೂಣು. ಒಂದು ವಾರ ಇಕಿ, ಒಂದು ವಾರ ಅಕಿ. ನಮಗ ಗೊತ್ತಾಗಂಗಿಲ್ಲ, ಅವರಿಗೇನ್ ಗೊತ್ತಾಗತೈತಿ?"

ಅಪ್ಪ ಗಹಗಹಿಸಿ ನಕ್ಕ. ಅವ್ವ ನಗಲಿಲ್ಲ. ಆಮೇಲೆ ಅಪ್ಪ ಬೈದ, ಇದು ಹುಚ್ಚಾಟ ಅಂದ, ಸುಳ್ಳು ಅಂದ. ನಮ್ಮ ಮನೆಯಲ್ಲಿ ಸುಳ್ಳು ಎನ್ನುವುದು ಸಣ್ಣ ಮಾತಲ್ಲ. ಆಯಿಯ ಎದುರಿಗೆ ಸುಳ್ಳು ಹೇಳಿದವರಿಗೆ ಅಂದು ಊಟವಿರುತ್ತಿರಲಿಲ್ಲ. ಎಲ್ಲರೂ ಅವಳ ಕಡೆ ನೋಡಿದರು. ಆಯಿ ಕೊರಳಿನ ಲಿಂಗದ ಕರಡಿಗೆಯನ್ನು ಬೆರಳಿನಿಂದ ತಿರುವುತ್ತ ಹೇಳಿದಳು.

"ಮಗ್ಗದಾಗ ಯಾರು ಕುಂತಿರ್ತಾರ, ಅವರ ನೇಕಾರ್ರು. ಸಾಲ್ಯಾಗ ಯಾರು ಕುಂತಿರ್ತಾರ, ಅವರ ಗಂಗಾ. ಇದರಾಗ ಸುಳ್ಳೇನೈತಿ?"

ಅಲ್ಲಿಗೆ ನ್ಯಾಯ ತೀರಿತು. ನಾವು ಒಂದು ವಾರ ಗಂಗಾ, ಒಂದು ವಾರ ನೀಲಾ ಆದೆವು. ಇಂಗ್ಲಿಷ್ ಶಾಲೆಗೆ ಹೋದವಳು ಆ ವಾರ ಗಂಗಾ. ಓಣಿಯ ಸರಕಾರಿ ಶಾಲೆಗೆ ಹೋದವಳು ನೀಲಾ. ಓಣಿಯ ಮಾಸ್ತರರಿಗೆ ನಮ್ಮ ಮನೆಯ ಆಟ ಗೊತ್ತಿತ್ತು. ನಾಲ್ಕು ಇಯತ್ತೆಯನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದ ಅವರು, "ಯಾರರ ಒಬ್ಬಾಕಿ ಬಂದ್ಯಲ್ಲ, ಕುಂದರು" ಎಂದು ಸುಮ್ಮನಾಗುತ್ತಿದ್ದರು. ಭಾನುವಾರ ಸಂಜೆ ಮಗ್ಗದ ಪಕ್ಕದಲ್ಲಿ ನಮ್ಮಿಬ್ಬರನ್ನು ಎದುರುಬದುರು ಕೂರಿಸಿ ಅವ್ವ, "ಹೂಂ, ಒಪ್ಪಸ್ರಿ" ಅನ್ನುತ್ತಿದ್ದಳು. ಆ ವಾರ ಕಲಿತದ್ದನ್ನೆಲ್ಲ ಒಬ್ಬರಿಗೊಬ್ಬರು ಒಪ್ಪಿಸಬೇಕು. ಗಂಗಾ ಒಪ್ಪಿಸುವ ಚಂದವೇ ಬೇರೆ. ಮಿಸ್ ಯಾವ ಅಕ್ಷರ ಬರೆಸಿದರು, ಯಾವ ಹಾಡಿಗೆ ಕೈ ಹೇಗೆ ಆಡಿಸಬೇಕು, ಯಾರ ಹತ್ತಿರ ಕುಳಿತಿದ್ದೆ, ಯಾರ ಜೊತೆ ಟೂ ಬಿಟ್ಟಿದ್ದೇನೆ, ಹೊರಗೆ ಹೋಗಬೇಕಾದರೆ ಏನೆಂದು ಕೇಳಬೇಕು, ಎಲ್ಲವನ್ನೂ ಅವಳು ನನ್ನ ಬಾಯಿಂದ ಹೇಳಿಸಿಯೇ ಬಿಡುತ್ತಿದ್ದಳು. ನಾನು ಒಪ್ಪಿಸುವಾಗ ಅರ್ಧ ಮರೆತಿರುತ್ತಿದ್ದೆ, ಉಳಿದರ್ಧ ಕಲಸುಮೇಲೋಗರ. ಹೀಗಾಗಿ ಅವಳಿಂದ ನನಗೆ ತುಂಬಿದ ಕೊಡ ಬರುತ್ತಿತ್ತು, ನನ್ನಿಂದ ಅವಳಿಗೆ ತಳದ ನೀರು. ಸಮಪಾಲು ಎಂದು ಅವ್ವ ತಿಳಿದದ್ದು ಮೊದಲ ವಾರದಿಂದಲೇ ಸಮವಾಗಿರಲಿಲ್ಲ. ಶಾಲೆಯ ಮಿಸ್ ಒಮ್ಮೆ ಅಪ್ಪನನ್ನು ಕರೆಸಿ, ನಿಮ್ಮ ಮಗಳು ಒಂದು ವಾರ ಚುರುಕು, ಒಂದು ವಾರ ಮಂಕು, ದವಾಖಾನೆಗೆ ತೋರಿಸಿರಿ ಎಂದಿದ್ದರು. ಮಂಕು ವಾರ ಯಾವುದು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಈ ಆಟ ಕೆಡದಂತೆ ನೋಡಿಕೊಳ್ಳುವುದರಲ್ಲೇ ಮನೆಯವರ ಜಾಣತನವೆಲ್ಲ ಖರ್ಚಾಯಿತು. ಒಬ್ಬಳಿಗೆ ಹೇನಾದರೆ ಇಬ್ಬರ ಕೂದಲಿಗೂ ಕತ್ತರಿ. ಒಬ್ಬಳು ಮೊಣಕಾಲು ಕೆತ್ತಿಸಿಕೊಂಡರೆ ಇನ್ನೊಬ್ಬಳ ಮೊಣಕಾಲಿಗೂ ಅರಿಸಿನ ಮೆತ್ತಿ ಕಳಿಸುತ್ತಿದ್ದರು. ಒಂದು ಶನಿವಾರ ಗಂಗಾಳ ಮುಂದಿನ ಹಾಲುಹಲ್ಲು ಶಾಲೆಯಲ್ಲೇ ಬಿದ್ದು, ಅವಳು ಅದನ್ನು ಕಾಗದದಲ್ಲಿ ಸುತ್ತಿಕೊಂಡು ಕುಣಿಯುತ್ತ ಬಂದಳು. ಸೋಮವಾರ ನನ್ನ ಪಾಳಿ. ಅವ್ವ ನನ್ನ ಬಾಯಿ ತೆರೆಸಿ ನೋಡಿದಳು. ನನ್ನ ಹಲ್ಲು ಅಲುಗಾಡುತ್ತಿತ್ತು ಅಷ್ಟೇ. ಆಯಿ ಸೆರಗಿಗೆಂದು ಇಟ್ಟಿದ್ದ ರೇಷ್ಮೆಯ ಎಳೆ ತಂದು ಎರಡು ಪದರು ಮಾಡಿ ನನ್ನ ಹಲ್ಲಿಗೆ ಬಿಗಿದಳು. ಅಪ್ಪ ನನ್ನ ಕೈ ಹಿಡಿದುಕೊಂಡ. ಎಳೆ ಹರಿಯಲಿಲ್ಲ, ಹಲ್ಲೇ ಕಿತ್ತು ಬಂತು. ನಾನು ಚೀರಿದ್ದಕ್ಕಿಂತ ಹೆಚ್ಚಾಗಿ ಗಂಗಾ ಚೀರಿದಳು. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದಾಗ ಅವ್ವ ನನ್ನ ಬೆನ್ನು ಸವರುತ್ತ, ಇನ್ನು ಇಬ್ಬರೂ ಒಂದೇ ನಮೂನಿ ಆದಿರಿ ಎಂದು ಸಮಾಧಾನ ಮಾಡಿದಳು. ಅದು ಪ್ರೀತಿಯೇ ಆಗಿತ್ತು. ಬಡವರ ಮನೆಯ ಪ್ರೀತಿ ಎಷ್ಟು ಒರಟಾಗಿ ಕೆಲಸ ಮಾಡಬೇಕಾಗುತ್ತದೆ ಎಂಬುದು ನನಗೆ ಆಗಲೇ ಬಾಯಲ್ಲಿ ರಕ್ತದ ರುಚಿಯೊಂದಿಗೆ ತಿಳಿದುಹೋಯಿತು.

ಇಳಕಲ್ಲಿನಲ್ಲಿ ಆ ಎರಡೂ ಶಾಲೆಗಳನ್ನು ಒಳಗಿನಿಂದ ಕಂಡ ಮಕ್ಕಳು ಬಹುಶಃ ನಾವಿಬ್ಬರೇ. ಒಂದು ವಾರ ಬೆಂಚು, ಒಂದು ವಾರ ನೆಲ. ಒಂದು ಕಡೆ ನಳ ತಿರುವಿದರೆ ನೀರು. ಇನ್ನೊಂದು ಕಡೆ ನೀರಡಿಸಿದರೆ ಮನೆಗೆ ಓಡಬೇಕು. ಒಂದು ಕಡೆ ತಪ್ಪು ಬರೆದರೆ ಮಿಸ್ ಪಕ್ಕದಲ್ಲಿ ಬಗ್ಗಿ ಕೈ ಹಿಡಿದು ತಿದ್ದುತ್ತಿದ್ದರು. ಇನ್ನೊಂದು ಕಡೆ ಮಾಸ್ತರರು ಒಳ್ಳೆಯವರೇ, ಆದರೆ ಅವರ ಕಣ್ಣು ನಮ್ಮ ಪಾಟಿಯವರೆಗೆ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ದೊಡ್ಡವರಿಗೆ ಈ ವ್ಯತ್ಯಾಸ ಕೇಳಿ ಗೊತ್ತು, ನಮಗೆ ಕುಂಡಿಯ ಕೆಳಗೆ ಗೊತ್ತಿತ್ತು. ಸೋಮವಾರ ನೆಲಕ್ಕೆ ಇಳಿಯುವವಳ ಮುಖ ನೋಡಲಾಗದೆ ಬೆಂಚಿಗೆ ಏರುವವಳು ಬೇಗ ಮನೆ ಬಿಡುತ್ತಿದ್ದಳು. ಒಂದೇ ಊರಿನ ಮಕ್ಕಳನ್ನು ಚೀಟಿ ಎತ್ತಿ ಬೇರೆ ಮಾಡುವ ಯೋಚನೆ ಯಾವ ಪುಣ್ಯವಂತನಿಗೆ ಹೊಳೆಯಿತೋ ಎಂದು ನಾನು ಈಗಲೂ ಹಲ್ಲು ಕಡಿಯುತ್ತೇನೆ.

ಎರಡು ವರ್ಷ ಹೀಗೆ ನಡೆಯಿತು. ದೊಡ್ಡವರು ಯಾರೂ ನಮ್ಮನ್ನು ಹಿಡಿಯಲಿಲ್ಲ. ಮಕ್ಕಳಿಗೆ ಮಾತ್ರ ಮೊದಲ ತಿಂಗಳಲ್ಲೇ ತಿಳಿದಿತ್ತು, ಅವರು ಯಾರಿಗೂ ಹೇಳಲಿಲ್ಲ; ಅವರ ಪಾಲಿಗೆ ಗಂಗಾ ಎಂದರೆ ಇಬ್ಬರು ಇರುತ್ತಾರೆ, ಅಷ್ಟೇ. ನಮ್ಮ ಬೆಂಚಿನಲ್ಲಿ ಕೂರುತ್ತಿದ್ದ ಸುಷ್ಮಾ ಊರಿನ ಡಾಕ್ಟರರ ಮಗಳು, ಒಳ್ಳೆಯ ಹುಡುಗಿ. ತನ್ನ ಹುಟ್ಟುಹಬ್ಬಕ್ಕೆ ಯಾರು ಯಾರನ್ನು ಕರೆಯಬೇಕು ಎಂದು ಅವಳ ತಾಯಿ ಕೇಳಿದಾಗ, "ಗಂಗಾ ಇಬ್ಬರನ್ನೂ ಕರೀಬೇಕು, ಒಬ್ಬಾಕಿನ್ನ ಕರೆದ್ರ ಇನ್ನೊಬ್ಬಾಕಿಗೆ ಬ್ಯಾಸರ ಆಗತೈತಿ" ಎಂದಳಂತೆ. ಆ ಮಗುವಿನ ಒಳ್ಳೆಯತನವೇ ನಮ್ಮನ್ನು ಹಿಡಿದುಕೊಟ್ಟಿತು. ತಾಯಿ ಮರುದಿನ ಶಾಲೆಗೆ ಹೋಗಿ, ನಾವು ಫೀ ಕಟ್ಟಿ ಓದಿಸುತ್ತೇವೆ, ಪುಕ್ಕಟೆ ಬಂದವರು ಒಂದು ಸೀಟಿನಲ್ಲಿ ಇಬ್ಬರನ್ನು ಕೂರಿಸುತ್ತಾರೆ, ಇದೇನು ನ್ಯಾಯ ಎಂದು ಕೇಳಿದರು. ಆ ಹೆಂಗಸಿಗೆ ಅನ್ಯಾಯವಾದದ್ದು ಏನು ಎಂದು ಇಷ್ಟು ವರ್ಷ ಯೋಚಿಸಿದರೂ ನನಗೆ ಹೊಳೆದಿಲ್ಲ.

ಶನಿವಾರ ಅಪ್ಪ, ಅವ್ವ, ನಾವಿಬ್ಬರೂ ಹೆಡ್ ಮಿಸ್ ಎದುರಿಗೆ ನಿಂತೆವು. ಅವರು ಕೆಟ್ಟವರಲ್ಲ. ನಮ್ಮನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ, ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. "ಗಂಗಾ ಯಾರವಾ?" ಎಂದು ಕೇಳಿದಾಗ ನಾವು ಇಬ್ಬರೂ ಒಟ್ಟಿಗೆ, ಕಲಿಸಿದ ಹಾಗೆ, "ಎಸ್ ಮಿಸ್" ಎಂದೆವು. ಆಗ ಅವರ ನಗು ನಿಂತಿತು.

"ನೋಡ್ರಿ, ಪೊಲೀಸು ಗಿಲೀಸು ಅನ್ನೂದಿಲ್ಲ ನಾ. ಆದ್ರ ಸೀಟು ಒಂದು, ಹುಡುಗಿ ಒಬ್ಬಾಕಿ. ಸೋಮವಾರದಿಂದ ಗಂಗಾನ್ನ ಅಷ್ಟ ಕಳಸ್ರಿ. ಇನ್ನೊಬ್ಬಾಕಿ ಈ ಗೇಟಿನ ಒಳಗ ಬರಬಾರ್ದು."

"ಬಾಯಾರ, ಒಂದ ತಾಟಿನ್ಯಾಗ ಉಣ್ತಾವ್ರಿ ಇವು," ಎಂದಳು ಅವ್ವ. "ಜಾಗಾನೂ ಒಂದ ಹಿಡೀತಾವಲ್ರಿ. ಇಬ್ಬರೂ ಕೂಡೇ ಬಂದು ಕೂತ್ರ ತಪ್ಪು. ಪಾಳಿ ಮ್ಯಾಲೆ ಕೂತ್ರ ಯಾರಿಗೆ ಏನ್ ಕಡಿಮಿ ಆಕ್ಕೈತ್ರಿ?"

ಹೆಡ್ ಮಿಸ್ ಮುಂದಿದ್ದ ಹಾಜರಿ ಪುಸ್ತಕ ಮುಚ್ಚಿದರು. ಕಿಟಕಿಯ ಕಡೆ ನೋಡುತ್ತ, "ರೂಲು ಐತೆವಾ" ಎಂದಷ್ಟೇ ಹೇಳಿದರು.

ಆ ಸಂಜೆ ಮಗ್ಗ ಖಾಲಿ ಇತ್ತು. ಪಡಸಾಲೆಯಲ್ಲಿ ಮೂವರು ದೊಡ್ಡವರು ಕುಳಿತರು. ನಾವು ಗೋಡೆಗೆ ಒರಗಿ ಕುಳಿತೆವು. ನಮ್ಮನ್ನು ಹೊರಗೆ ಕಳಿಸಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಅಪ್ಪ, ಇದರಲ್ಲಿ ಯೋಚಿಸುವುದೇನಿದೆ, ಚೀಟಿ ಗಂಗಾಂದು, ಗಂಗಾ ಹೋಗಲಿ ಎಂದ. ಹೆಸರು ಅವಳದು, ಕಲಿಯುವ ಬುದ್ಧಿಯೂ ಅವಳದು. ಅದು ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಇಳಕಲ್ ಸೀರೆಯ ಸೆರಗಿನ ಎಳೆಗಳೇ ಬೇರೆ, ಒಡಲಿನ ಎಳೆಗಳೇ ಬೇರೆ. ಪ್ರತಿ ಸೀರೆಗೂ ಒಡಲಿನ ಒಂದೊಂದು ಎಳೆಗೆ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಸಿಕ್ಕಿಸಬೇಕು. ಸಾವಿರಾರು ಎಳೆ, ಒಂದು ತಪ್ಪಿದರೆ ಸೀರೆಯೇ ಕೆಟ್ಟಿತು. ಆಯಿಯ ಬೆರಳು ಸೆಟೆದುಕೊಂಡಿದ್ದವು, ಅವ್ವನ ಕಣ್ಣು ಮಂಜಾಗತೊಡಗಿತ್ತು. ಆ ವರ್ಷದಿಂದ ಕೊಂಡಿ ಹಾಕುತ್ತಿದ್ದವಳು ಗಂಗಾ. ಎಂಟು ವರ್ಷದ ಹುಡುಗಿ ಹಾಡು ಗುನುಗುತ್ತ ಕೊಂಡಿ ಹಾಕುವುದನ್ನು ನೋಡಲು ಪಕ್ಕದ ಮನೆಯವರು ಬಂದು ನಿಲ್ಲುತ್ತಿದ್ದರು. ನಾನು ಕೂತರೆ ಎಳೆ ಗೋಜಲಾಗಿ, ಬಿಡಿಸಲು ಮತ್ತೆ ಗಂಗಾಳೇ ಬರಬೇಕಾಗುತ್ತಿತ್ತು.

"ಗಂಗಾ ದಿನಾ ಸಾಲಿಗೆ ಹೋದ್ರ ಕೊಂಡಿ ಹಾಕಾವ್ರು ಯಾರು?" ಎಂದಳು ಆಯಿ. "ಓಣಿ ಸಾಲಿ ಆದ್ರ ನಡಬರಕ ಎಬ್ಬಿಸಿಕೊಂಡು ಬರಾಕ ಬರತೈತಿ. ಅಲ್ಲಿಂದ ಯಾರು ಬಿಡ್ತಾರ? ನೀಲಾನ ಕೈಯಾಗ ಎಳಿ ನಿಂದ್ರಂಗಿಲ್ಲ. ಮಗ್ಗಕ್ಕ ಬಾರದ್ದು ಹೋಗಿ ಓದಲಿ."

"ಯವ್ವಾ, ಚೀಟ್ಯಾಗ ಬಂದದ್ದು ಗಂಗಾನ ಹೆಸರು," ಎಂದ ಅಪ್ಪ.

"ಹೆಸರು ಇಟ್ಟಾಕಿ ನಾ. ತಗದು ಇಡಾಕಿನೂ ನಾನ."

ಅಪ್ಪ ಅವ್ವನ ಮುಖ ನೋಡಿದ. ಇಷ್ಟು ವರ್ಷ ರೊಟ್ಟಿಯ ಚೂರನ್ನು ಬೆಳಕಿಗೆ ಹಿಡಿದವಳು ಈಗ ಏನು ಹೇಳುತ್ತಾಳೆ ಎಂದು ನಾನೂ ನೋಡಿದೆ. ಅವ್ವ ತಲೆ ಎತ್ತದೆ, "ಇಬ್ಬರನ್ನೂ ಬಿಡಿಸಿಬಿಡೂಣು" ಎಂದಳು. ಅದು ಅವಳ ನ್ಯಾಯ. ಸಮಪಾಲು ಸಿಗದಿದ್ದರೆ ಇಬ್ಬರಿಗೂ ಬೇಡ. ಅಪ್ಪ ಅದಕ್ಕೆ ಒಪ್ಪಲಿಲ್ಲ, ಒಬ್ಬಳಾದರೂ ಬದುಕಲಿ ಎಂದ. ಬದುಕಲಿ ಎಂಬ ಆ ಶಬ್ದ ಕೇಳಿ ಗಂಗಾ ನನ್ನ ಕೈ ಹಿಡಿದುಕೊಂಡಳು. ಅವ್ವ ಅಳಲಿಲ್ಲ. ಎದ್ದು ಹೋಗಿ ಒಲೆ ಹೊತ್ತಿಸಿದಳು. ನಮ್ಮ ಮನೆಯಲ್ಲಿ ಹೆಂಗಸರು ಒಪ್ಪಿಗೆ ಕೊಡುತ್ತಿದ್ದ ರೀತಿಯೇ ಅದು.

ಭಾನುವಾರ ಮುಂಜಾನೆ ಇಬ್ಬರಿಗೂ ತಲೆಗೆ ಎರೆದು, ಆಯಿ ತನ್ನ ಲಿಂಗಪೂಜೆ ಮುಗಿಸಿ, ನಮ್ಮನ್ನು ಮಣೆಯ ಮೇಲೆ ಕೂರಿಸಿದಳು. ಹಣೆಗೆ ವಿಭೂತಿ ಹಚ್ಚಿದಳು. ತೊಟ್ಟಿಲ ಕೂಸಿಗೆ ಹೆಸರಿಡುವಾಗ ಮಾಡುವಂತೆ ನನ್ನ ಕಿವಿಗೆ ಬಾಯಿ ತಂದು "ಕುರ್ರ್" ಎಂದು ಊದಿ, "ಗಂಗಾ" ಎಂದಳು. ಆ ಕಡೆ ತಿರುಗಿ ಗಂಗಾಳ ಕಿವಿಯಲ್ಲಿ "ನೀಲಾ" ಎಂದಳು. ಬೆನ್ನಿಗೆ ಒಂದೊಂದು ಗುದ್ದು. ಬೆಲ್ಲ ಕೊಬ್ಬರಿ ಬಾಯಿಗೆ ಹಾಕಿದಳು. ವಾರದ ಪಾಳಿಗಾದರೆ ಮಾತು ಸಾಕಿತ್ತು, ಜೀವಮಾನದ ಪಾಳಿಗೆ ದೇವರ ಎದುರಿನ ಹೆಸರೇ ಬೇಕು ಎಂದು ಅವಳ ಲೆಕ್ಕ. ಸುಳ್ಳು ಹೇಳುವುದಕ್ಕೆ ಹೆದರುತ್ತಿದ್ದ ಮುದುಕಿ ಸುಳ್ಳನ್ನೇ ಖರೆ ಮಾಡಿಟ್ಟಳು. ಆಯಿಯ ಮೇಲೆ ನನಗೆ ಇರುವಷ್ಟು ಸಿಟ್ಟು ಹೆಡ್ ಮಿಸ್ ಮೇಲಿಲ್ಲ. ಆದರೂ ಸೀರೆ ನಿಂತರೆ ಉಪವಾಸ ಬೀಳುವ ಮನೆಯಲ್ಲಿ ಅವಳು ಬೇರೇನು ಹೇಳಬೇಕಿತ್ತು?

ಸೋಮವಾರ ಲೆಕ್ಕದ ಪ್ರಕಾರ ನನ್ನ ಅಕ್ಕನ ಪಾಳಿ. ಹೆಸರು ಬದಲಾದರೆ ಪಾಳಿಯೂ ಹೋಗುತ್ತದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ನಾನು ಏಳುವಷ್ಟರಲ್ಲಿ ಅವಳು ಮುಖ ತೊಳೆದು, ಶಾಲೆಯ ಅಂಗಿ ಹಾಕಿಕೊಂಡು, ಜಡೆ ಹಾಕಿಸಿಕೊಳ್ಳಲು ಅವ್ವನ ಮುಂದೆ ಬೆನ್ನು ಮಾಡಿ ಕುಳಿತಿದ್ದಳು. ಅವ್ವ ಜಡೆ ಹಾಕಿದಳು, ರಿಬ್ಬನ್ನೂ ಕಟ್ಟಿದಳು. ಆಮೇಲೆ ಅವಳ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

"ಯಾಕಬೇ? ಈ ವಾರ ನಂದಲ್ಲ?"

ಅವ್ವ ಬಿಚ್ಚಿದ ಅಂಗಿಯನ್ನು ನನಗೆ ತೊಡಿಸಿದಳು. ಅದು ಇನ್ನೂ ಬೆಚ್ಚಗಿತ್ತು. ಆ ದಿನದ ನಂತರ ನಮ್ಮ ಮನೆಯಲ್ಲಿ ಅವ್ವ ಎರಡು ತಾಟು ಇಡತೊಡಗಿದಳು, ಪಾಳಿ ಎಂಬ ಮಾತನ್ನು ಮಗ್ಗಕ್ಕೂ ಬಳಸಲಿಲ್ಲ. ಭಾನುವಾರ ಸಂಜೆ ಕೆಲವು ವಾರ ಅಕ್ಕ ತಾನಾಗಿಯೇ ಬಂದು ನನ್ನೆದುರು ಕುಳಿತು, "ಹೂಂ, ಒಪ್ಪಸು" ಅಂದಳು. ನಾನು ಒಪ್ಪಿಸಿದೆ. ಅವಳಿಂದ ನನಗೆ ಬರುವುದು ಏನೂ ಇರಲಿಲ್ಲ. ಕೊಂಡಿಯ ಕೆಲಸ ಹೆಚ್ಚಾದಂತೆ ಅದೂ ನಿಂತಿತು. ಅವಳು ಓಣಿಯ ಶಾಲೆಯನ್ನೂ ಮುಗಿಸಲಿಲ್ಲ.

ನಾನು ಓದಿದೆ. ಮಂಕಾಗಿದ್ದರೂ ಓದಿದೆ, ಏಕೆಂದರೆ ಬೆಂಚು, ನಳ, ಬಗ್ಗಿ ತಿದ್ದುವ ಮಿಸ್ ಇದ್ದರೆ ಮಂಕಾದವಳೂ ಓದುತ್ತಾಳೆ. ಬಾಗಲಕೋಟೆಯಲ್ಲಿ ಡಿಗ್ರಿ ಮುಗಿಸಿ ಅಲ್ಲಿಯೇ ಒಂದು ಶಾಲೆಯಲ್ಲಿ ಟೀಚರ್ ಆದೆ. ನನ್ನ ಎಲ್ಲ ಕಾಗದಪತ್ರಗಳಲ್ಲಿ ಇರುವುದು ಅವಳ ಹೆಸರು. ಅವಳ ರೇಶನ್ ಕಾರ್ಡಿನಲ್ಲಿ ನನ್ನದು. ಜನ ಇಂಥದ್ದನ್ನು ಕೇಳಿದರೆ, ನಿಮಗೆ ಮನಸ್ಸು ಚುಚ್ಚುವುದಿಲ್ಲವೇ ಎನ್ನುತ್ತಾರೆ. ಚುಚ್ಚುವುದಿಲ್ಲ. ಎಂಟು ವರ್ಷದ ಹುಡುಗಿಯ ಮನಸ್ಸಿಗೆ ಚುಚ್ಚಿಸಿ ಊರು ಕೈ ತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ನನಗಿರುವುದು ಸಿಟ್ಟು, ಅದರ ಕೆಳಗೆ ಏನೂ ಆಗದು ಎಂಬ ನಿರಾಸೆ. ಮೂವತ್ತು ವರ್ಷಗಳಿಂದ ನನ್ನ ತರಗತಿಗೆ ಚೀಟಿಯಿಂದ ಬಂದ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದೇನೆ. ಅವರ ಮುಖ ನೋಡಿದಾಗೆಲ್ಲ ಬಾರದೆ ಉಳಿದವರೇ ಕಣ್ಣಿಗೆ ಕಟ್ಟುತ್ತಾರೆ.

ಕಳೆದ ಬೇಸಿಗೆಯಲ್ಲಿ ಇಳಕಲ್ಲಿಗೆ ಹೋಗಿದ್ದೆ. ಈಗ ಚೀಟಿಯನ್ನು ಕಂಪ್ಯೂಟರು ಎತ್ತುತ್ತದೆ, ಫಲಿತಾಂಶ ಮೊಬೈಲಿನಲ್ಲಿ ಬರುತ್ತದೆ. ಅಕ್ಕನ ಮಗ ತನ್ನ ಕಿರಿಯ ಮಗಳಿಗೆಂದು ಅರ್ಜಿ ಹಾಕಿದ್ದ. ಹಿರಿಯಳು ಓಣಿಯ ಶಾಲೆಗೇ ಹೋಗುತ್ತಾಳೆ. ನೀನೇ ನೋಡಿ ಹೇಳು ಎಂದು ಅವನು ಮೊಬೈಲನ್ನು ನನ್ನ ಕೈಗೆ ಕೊಟ್ಟ. ನಾನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದೆ. ಮಗುವಿನ ಹೆಸರು ಇರಲಿಲ್ಲ. ಅವನು ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋದ. ಮೊಮ್ಮಕ್ಕಳಿಬ್ಬರೂ ಬಾಗಿಲಲ್ಲಿ ಒಂದೇ ತಾಟಿನಲ್ಲಿ ಚುರಮುರಿ ತಿನ್ನುತ್ತಿದ್ದರು. ಅವಳು ಮಗ್ಗದ ಕುಣಿಯೊಳಗಿಂದ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಬರದಿದ್ದದ್ದ ಛಲೋ ಆತು ಬಿಡು," ಎಂದಳು. "ಬಂದಿದ್ರ ಇನ್ನೊಬ್ಬಾಕಿಗೆ ಏನಂತ ಹೇಳ್ತಿದ್ವಿ?"